ಕನ್ನಡದ ಕಿವಿಗೆ ಕನ್ನಡದ ಅಳತೆ



ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಾತ್ರಕ್ಕೆ ಮಾತು ತಿಳಿದುಬಿಡುವುದಿಲ್ಲ. ಯಂತ್ರ ಸದ್ದನ್ನು ವಿದ್ಯುತ್ ಮಿಡಿತವಾಗಿಸಿ ನರಕ್ಕೆ ಮುಟ್ಟಿಸುತ್ತದೆ, ಅಷ್ಟೆ. ಮಾತು ಎಷ್ಟು ತಿಳಿಯಿತೆಂದು ಪರೀಕ್ಷೆ ಹೇಳಬೇಕು. ಒಂದು ಆಸ್ಪತ್ರೆಯಲ್ಲಿ ಜೋರಾಗಿ ಓದಿ, ಇನ್ನೊಂದರಲ್ಲಿ ಮೆಲ್ಲಗೆ ಓದಿದರೆ ಅಂಕಗಳನ್ನು ಹೋಲಿಸುವುದು ಹೇಗೆ? ಅಂಕ ತಪ್ಪಿದರೆ ಯಂತ್ರದ ಹೊಂದಾಣಿಕೆಯೂ ತಪ್ಪೀತು.

ಈ ಗೊಂದಲ ತಪ್ಪಿಸಲೆಂದೇ ಅಮೆರಿಕದಲ್ಲಿ 1996ರಲ್ಲಿ ವಯಸ್ಕರಿಗಾಗಿ ಧ್ವನಿಮುದ್ರಿತ ಪದ, ವಾಕ್ಯಗಳ ಏಕರೂಪದ ಪರೀಕ್ಷೆ ತಂದರು. ಯಂತ್ರಗಳು ಸುಧಾರಿಸಿ ಆ ವಾಕ್ಯಗಳು ತೀರಾ ಸುಲಭವೆನಿಸಿದಾಗ, 2011ರಲ್ಲಿ ಕಷ್ಟದ ವಾಕ್ಯಗಳನ್ನು ಸೇರಿಸಿ, ದನಿಯನ್ನು 60 ಡೆಸಿಬೆಲ್‌ಗೆ ಗೊತ್ತುಮಾಡಿದರು.

ಅದನ್ನೇ ಅನುವಾದಿಸಿದರೆ ನಮಗೆ ಸಾಲದು. 'ಕಲೆ'–'ಕಳೆ', 'ಕತೆ'–'ಕತ್ತೆ', 'ಬಳೆ'–'ಬಾಳೆ' ಬೇರೆಬೇರೆಯಾಗಿ ಕೇಳಿಸಿತೇ ಎಂದು ಇಂಗ್ಲಿಷ್ ಪಟ್ಟಿ ಕೇಳುವುದೇ ಇಲ್ಲ! 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಸಂಶೋಧಕರು ಕನ್ನಡದ ಪದಪಟ್ಟಿ, ವಾಕ್ಯಪಟ್ಟಿಗಳನ್ನು ರೂಪಿಸಿದ್ದಾರೆ. ಅವು ಎಲ್ಲೆಡೆ ಒಂದೇ ಕ್ರಮದಲ್ಲಿ ಬಳಕೆಯಾಗಬೇಕು.

ನಿಮ್ಮ ಮನೆಯವರೊಂದಿಗೆ ಆಸ್ಪತ್ರೆಗೆ ಹೋದಾಗ ಧೈರ್ಯವಾಗಿ ಕೇಳಿ: ಪರೀಕ್ಷೆ ಕನ್ನಡದಲ್ಲಿದೆಯೇ? ಧ್ವನಿಮುದ್ರಿತವೇ? ಹೋದ ಸಲದ ಪಟ್ಟಿಯನ್ನೇ ಮತ್ತೆ ಕೊಡುತ್ತಿಲ್ಲವಷ್ಟೆ? ಬಾಯಿಪಾಠದಿಂದ ಬಂದ ಅಂಕ ಕಿವಿಯ ಅಂಕವಲ್ಲ.