ಕಂಡ ಮೇಲೆ ಎಲ್ಲವೂ ಸುಲಭ

ಹಲಸೂರಿನಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಎಚ್‌ಎಎಲ್ ವಸ್ತುಸಂಗ್ರಹಾಲಯ ಸಿಗುತ್ತದೆ. ಅಲ್ಲಿ ‘ಮಾರುತ್’ ಯುದ್ಧವಿಮಾನವನ್ನು ನೋಡಬಹುದು. ಜರ್ಮನಿಯ ಕುರ್ಟ್ ಟಾಂಕ್ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಈ ವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಇದರ ಒಡಲು ನೇರ ಕೊಳವೆಯಂತಿಲ್ಲ; ರೆಕ್ಕೆ ಕೂಡುವ ಕಡೆ ನಡು ಸಣ್ಣದಾಗಿದೆ.

ಇದಕ್ಕೆ ಕಾರಣ ಸರಳ. ಶಬ್ದದ ವೇಗ ಹತ್ತಿರವಾದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಆಗ ಒಡಲು ಮತ್ತು ರೆಕ್ಕೆಗಳ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ನಯವಾಗಿ ಏರಿಳಿಯಬೇಕು. ರೆಕ್ಕೆಯಿಂದ ಹೆಚ್ಚಿದ್ದನ್ನು ಒಡಲಿನಿಂದ ಕಳೆಯಬೇಕು. ಕೇಳಿದವರು ‘ಇಷ್ಟೇನೇ?’ ಎನ್ನುತ್ತಾರೆ.

ಆದರೆ ಅಮೆರಿಕದ ನುರಿತ ಎಂಜಿನಿಯರುಗಳಿಗೇ ಇದು ಸುಲಭವಾಗಿ ತೋಚಲಿಲ್ಲ. ಅವರ ಎಫ್-102 ವಿಮಾನ 1953ರಲ್ಲಿ ಸಮತಲ ಹಾರಾಟದಲ್ಲಿ ಶಬ್ದದ ವೇಗ ದಾಟಲಾರದೆ ಹೋಯಿತು. ವಿಜ್ಞಾನಿ ರಿಚರ್ಡ್ ವಿಟ್‌ಕೂಂಬ್ ಕಂಡುಕೊಂಡಿದ್ದ ಈ ಸೂತ್ರದಂತೆ ಒಡಲನ್ನು ತಿದ್ದಿದ ಮೇಲೆ, 1954ರಲ್ಲಿ ದಾಟಿತು.

ಇಂಥ ವಿನ್ಯಾಸಕ್ಕೆ ಪೇಟೆಂಟ್ ಕೊಡಬಹುದೇ, ಅಥವಾ ‘ಇದು ಯಾರಿಗಾದರೂ ತೋಚುವಂಥದ್ದು’ ಎಂದು ಅರ್ಜಿಯನ್ನು ತಳ್ಳಿಹಾಕಬೇಕೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಯಾವುದು ಅಂಗೈ ಹುಣ್ಣು ಎಂದು ಹೇಳುವುದೇ ಕಷ್ಟ. ನಮ್ಮ 1970ರ ಪೇಟೆಂಟ್ ಕಾಯ್ದೆ ಈಗ ಒಂದು ಅಳತೆಗೋಲು ಕೊಡುತ್ತದೆ: ಆ ವಿದ್ಯೆಯಲ್ಲಿ ಪಳಗಿದವನಿಗೆ ಅದು ಸಹಜವಾಗಿ ಹೊಳೆಯುತ್ತಿತ್ತೇ? ಅವನು ದಾರಿಹೋಕನೂ ಅಲ್ಲ, ಮಹಾಪ್ರತಿಭಾವಂತನೂ ಅಲ್ಲ. ಮುಖ್ಯವಾದ ಮಾತೆಂದರೆ, ಅವನನ್ನು ಅರ್ಜಿ ಸಲ್ಲಿಸಿದ ದಿನಕ್ಕೆ ಮುಂಚಿನ ತಿಳಿವಳಿಕೆಯೊಡನೆ ಕೂರಿಸಬೇಕು. ಉತ್ತರ ನೋಡಿಕೊಂಡು ಲೆಕ್ಕ ಸುಲಭವೆನ್ನುವುದು ನ್ಯಾಯವಲ್ಲ.

ಈ ಗೋಲಿನಿಂದ ಅಳೆದರೆ, ಅದೇ ಸಣ್ಣ ನಡು 1950ರಲ್ಲಿ ಹೊಸ ಹೊಳಹು. ಸೂತ್ರ ಎಲ್ಲರಿಗೂ ತಿಳಿದ ಮೇಲೆ ಬರೀ ರೂಢಿ. ವಿಮಾನ ಬದಲಾಗಲಿಲ್ಲ, ತಾರೀಖು ಬದಲಾಯಿತು.

ಇನ್ನೊಂದು ಮಗ್ಗುಲೂ ಇದೆ. ತಿಳಿದ ಸಾಧನಗಳನ್ನು ಬರಿದೇ ಅಕ್ಕಪಕ್ಕ ಜೋಡಿಸಿ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ತಾನು ತಾನಾಗಿ ಮಾಡುತ್ತಿದ್ದರೆ, ಕಾಯ್ದೆ ಅದನ್ನು ಆವಿಷ್ಕಾರವೆನ್ನುವುದಿಲ್ಲ. ಪಾತ್ರೆ ತಿರುಗಣಿ ಹಿಡಿಯುವ ಸಾಧನವೊಂದರ ಪೇಟೆಂಟನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಅನೂರ್ಜಿತಗೊಳಿಸಿದಾಗಲೂ, ಅದು ಕಾರ್ಯಾಗಾರದ ಮಾಮೂಲಿ ಸುಧಾರಣೆ ಮೀರಿದ್ದಲ್ಲ ಎಂದೇ ಕಂಡಿತು.

ಇಲ್ಲಿ ಎರಡು ತಪ್ಪುಗಳಿಗೂ ಬೆಲೆಯುಂಟು. ಸಾಧಾರಣ ಸಂಗತಿಗೆ ಪೇಟೆಂಟ್ ಕೊಟ್ಟರೆ, ಕೃಷ್ಣರಾಜಪುರದ ಸಣ್ಣ ಕಾರ್ಖಾನೆಯವರು ತಮಗೂ ತೋಚಿದ್ದನ್ನು 20 ವರ್ಷ ಮುಟ್ಟುವಂತಿಲ್ಲ. ನಿಜವಾದ ಹೊಳಹನ್ನು ‘ಇಷ್ಟೇನೇ’ ಎಂದು ತಳ್ಳಿದರೆ, ವರ್ಷಗಟ್ಟಲೆ ದುಡಿದವರ ಫಲ ಪರರ ಪಾಲು. ಆದ್ದರಿಂದ ತೀರ್ಪು ಹೇಳುವವರು ಕೇಳಬೇಕಾದ ಪ್ರಶ್ನೆ ‘ಇದು ಈಗ ಸುಲಭವೇ?’ ಎಂಬುದಲ್ಲ, ‘ಕಾಣುವ ಮುನ್ನ ಯಾರಿಗೆ ಕಂಡಿತ್ತು?’ ಎಂಬುದು.