ಮುರಿದ ಗಾಳದ ಕೋಲಿಗೆ ಮನೆಯಲ್ಲೇ ಮದ್ದು



ಮಲೆನಾಡಿನ ಹೊಳೆದಂಡೆಗಳಲ್ಲಿ ಇಂದು ಎರಡು ಬಗೆಯ ಗಾಳದ ಕೋಲುಗಳು ಕಾಣಸಿಗುತ್ತವೆ. ಒಂದು ಬಿದಿರಿನದು, ಇನ್ನೊಂದು ಪೇಟೆಯಿಂದ ಕೊಂಡು ತಂದ ಫೈಬರ್‌ಗ್ಲಾಸಿನದು. ಮುರಿದ ಬಿದಿರು ಒಲೆಗಾದರೂ ಒದಗುತ್ತದೆ, ಇಲ್ಲವೇ ಮಣ್ಣಾಗುತ್ತದೆ. ಫೈಬರ್ ಹಾಗಲ್ಲ. ಸುಟ್ಟರೆ ವಿಷದ ಹೊಗೆ, ಎಸೆದರೆ ದನಕರುಗಳ ಕಾಲಿಗೆ ಚುಚ್ಚುವ ಸಿಬಿರು. ಆದುದರಿಂದ ಎಸೆಯುವ ಮೊದಲು ಜೋಡಿಸಲು ಸಾಧ್ಯವೇ ಎಂದು ನೋಡುವುದು ವಿವೇಕ.

ತುದಿ ಮಾತ್ರ ಮುರಿದಿದ್ದರೆ ಸೀಳಿದ ಭಾಗವನ್ನು ಕತ್ತರಿಸಿ ಗಾಳದ ದಾರವನ್ನು ಹೊಸ ತುದಿಗೆ ಕಟ್ಟಿದರೆ ಸಾಕು. ಉದ್ದಕ್ಕೆ ಸೀಳಿದ ಬಿದಿರಿಗೆ ಅಂಟು ತುಂಬಿ, ಮೇಲೆ ದಾರವನ್ನು ಒತ್ತೊತ್ತಾಗಿ ಬಿಗಿದು ಸುತ್ತಬೇಕು.

ನಡು ಮುರಿದ ಗಟ್ಟಿ ಬಿದಿರಿಗೆ ಓರೆ ಜೋಡಣೆಯೇ ಸರಿ. ಎರಡೂ ತುಂಡುಗಳನ್ನು ಒಂದಕ್ಕೊಂದು ಹೊಂದುವಂತೆ, ಕೋಲಿನ ದಪ್ಪದ ಸುಮಾರು 10 ಪಟ್ಟು ಉದ್ದಕ್ಕೆ ಓರೆಯಾಗಿ ಕೆತ್ತಬೇಕು. ಓರೆ ಉದ್ದವಾದಷ್ಟೂ ಅಂಟು ಹಿಡಿಯುವ ಜಾಗ ಹೆಚ್ಚುತ್ತದೆ. ಕೋಲು ಬಾಗಿದಾಗ ಭಾರ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಬಿದಿರು ಚೆನ್ನಾಗಿ ಒಣಗಿರಬೇಕು. ಹಸಿಯಾಗಿದ್ದರೆ ಮುಂದೆ ಕುಗ್ಗಿ ಕಟ್ಟು ಸಡಿಲವಾಗುತ್ತದೆ.

ಟೊಳ್ಳಾದ ಫೈಬರ್ ಕೋಲಿಗೆ ಒಳಗಿನ ಆಸರೆ ಬೇಕು. ಚೂರಾದ ಅಂಚುಗಳನ್ನು ಸವರಿ, ಟೊಳ್ಳಿನೊಳಗೆ ಸರಿಯಾಗಿ ಕೂರುವ ಒಣ ಬಿದಿರ ಕಡ್ಡಿಯನ್ನೋ ಹಳೆಯ ಕೋಲಿನ ಗಟ್ಟಿ ತುಂಡನ್ನೋ ಎರಡೂ ಕಡೆ ಮೂರು ನಾಲ್ಕು ಅಂಗುಲ ಹೊಗುವಂತೆ ಸೇರಿಸಬೇಕು. ಎರಡು ಟ್ಯೂಬುಗಳಲ್ಲಿ ಬರುವ ಎಪಾಕ್ಸಿ ಅಂಟನ್ನು ಸಮವಾಗಿ ಬೆರೆಸಿ ಹಚ್ಚಿ, ಒಂದು ದಿನ ಅಲುಗಿಸದೆ ಇಡಬೇಕು. ಬಳಿಕ ದಾರ ಸುತ್ತಿ ವಾರ್ನಿಶ್ ಬಳಿಯಬೇಕು. ಫೈಬರ್ ಉಜ್ಜುವಾಗ ಏಳುವ ಗಾಜಿನ ಪುಡಿ ಶ್ವಾಸಕೋಶಕ್ಕೆ ಕೇಡು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಮಾಡಿ ಉಜ್ಜುವುದು ಕ್ಷೇಮ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುವುದರಿಂದ ಅದನ್ನು ಕರೆಂಟು ತಂತಿಯ ಸಮೀಪ ಎತ್ತಲೇಬಾರದು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಮಾತೇಕೆ ಎಂದು ಕೇಳಬಹುದು. ಗಾಳ ಒಂದು ಸಲಕ್ಕೆ ಒಂದು ಮೀನನ್ನು ಹಿಡಿಯುತ್ತದೆ. ಮರಿಯಾದರೆ ಬಿಡಿಸಿ ಹೊಳೆಗೆ ಮರಳಿಸಬಹುದು. ಸಿಡಿಮದ್ದು ಮತ್ತು ವಿಷಕ್ಕೆ ಆ ವಿವೇಚನೆಯಿಲ್ಲ. ಮಡುವಿನ ಮೊಟ್ಟೆ, ಮರಿ, ಏಡಿ ಎಲ್ಲವೂ ಒಮ್ಮೆಗೇ ನಾಶವಾಗುತ್ತವೆ. 1897ರಷ್ಟು ಹಿಂದೆಯೇ ಭಾರತೀಯ ಮೀನುಗಾರಿಕೆ ಕಾಯ್ದೆ ಇವೆರಡನ್ನೂ ನಿಷೇಧಿಸಿತ್ತು. ಆದರೂ 1996ರಲ್ಲಿ ಶಿಶಿಲದ ಮತ್ಸ್ಯತೀರ್ಥದಲ್ಲಿ ವಿಷಪ್ರಾಶನದಿಂದ ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ತಾಳ್ಮೆಯ ಸಾಧನ ಕೈಬಿಟ್ಟ ಊರಿನಲ್ಲಿ ಅವಸರದ ಸಾಧನಕ್ಕೆ ದಾರಿ ಸುಲಭ.

ಮುಂಗಾರಿನ ಮೊದಲ ನೆರೆಗೆ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತುತ್ತವೆ. ಆ ವಾರಗಳಲ್ಲಿ ಗಾಳ ಹೊಳೆಗಿಳಿಯದೆ ಜಗಲಿಯಲ್ಲಿರಲಿ. ಹಿರಿಯರು ಕೆತ್ತಲಿ, ಮಕ್ಕಳು ದಾರ ಸುತ್ತಲಿ. ಉಳಿದ ನೈಲಾನ್ ತುಂಡುಗಳನ್ನು ಆರಿಸಿ ಡಬ್ಬಿಯಲ್ಲಿ ತುಂಬಿಡಿ. ನೀರುಹಕ್ಕಿಯ ಕಾಲಿಗೆ ಸಿಕ್ಕಿಕೊಳ್ಳುವ ಉರುಲುಗಳಲ್ಲಿ ಅಷ್ಟಾದರೂ ಕಡಿಮೆಯಾಗುತ್ತವೆ.