ಎಂಜಿನ್ ಹೊಸದು, ಬ್ರೇಕ್ ಹಳೆಯದು

ಮಲೆನಾಡಲ್ಲಿ ಜೀಪು ಅಂದ್ರೆ ಶೋಕಿಯಲ್ಲ, ಮನೆಯ ಆಳು. ಸಕಲೇಶಪುರದ ಹತ್ತಿರದ ನಮ್ಮ ತೋಟದಲ್ಲೂ ಒಂದಿತ್ತು, ಅಪ್ಪನ ಕಾಲದ ಪೆಟ್ರೋಲ್ ಜೀಪು. ಅದು ಕುಡಿಯೋ ಪೆಟ್ರೋಲಿಗೆ ಕಾಫಿ ಮಾರಿದ ದುಡ್ಡು ಸಾಲ್ತಿರಲಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಡಿಸ್ಟ್ರಿಬ್ಯೂಟರಿಗೆ ನೀರು ತಾಗಿದರೆ ನಡುನೀರಲ್ಲೇ ಬಂದ್.

ಡೀಸೆಲ್ಲಿಗೆ ಕಿಡಿಯೇ ಬೇಡ. ಗಾಳಿಯನ್ನು 18-20 ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮಹೀಂದ್ರದ 2523 ಸಿಸಿ ಡಿಐ ಎಂಜಿನ್ ತಂದೆ. ಗ್ಯಾರೇಜಿನವರು ಬೆಲ್ ಹೌಸಿಂಗ್ ಹೊಂದಿಸಿದರು, ಮೌಂಟಿಂಗ್ ವೆಲ್ಡ್ ಮಾಡಿದರು, ಇಂಜೆಕ್ಟರಿನಲ್ಲಿ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಬರಲು ರಿಟರ್ನ್ ಪೈಪನ್ನೂ ಎಳೆದರು. ಎಲ್ಲ ಮುಗೀತು ಅಂದುಕೊಂಡೆ.

ಆದರೆ ಡೀಸೆಲ್ ಎಂಜಿನ್ ಭಾರ ಜಾಸ್ತಿ. ಜೀಪಿನ ಮೂತಿ ಇಳಿದಿತ್ತು, ನಾನು ಗಮನಿಸಲಿಲ್ಲ. ಬ್ರೇಕ್ ಮಾತ್ರ ಅದೇ ಹಳೇ ಡ್ರಮ್. ಮೊದಲ ಸಲ ಮೆಣಸಿನ ಚೀಲ ಹೇರಿಕೊಂಡು ಇಳಿಜಾರಲ್ಲಿ ಬರುವಾಗ ಪೆಡಲ್ ಒತ್ತಿದೆ. ನಿಲ್ಲೋ ಬದಲು ಗಾಡಿ ಎಡಕ್ಕೆ ಎಳೀತು. ಹಿಂದೆ ಇಬ್ಬರು ಕೆಲಸದವರು ಕೂತಿದ್ದರು. ಬೇರೆ ದಾರಿ ಕಾಣದೆ ಕಾಫಿ ಗಿಡಗಳಿಗೇ ನುಗ್ಗಿಸಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಮುಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಸೇರಿಸಿದೆ, ದೊಡ್ಡ ಡ್ರಮ್ ಹಾಕಿಸಿದೆ. ಇನ್ನೊಂದು ಮಾತು. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು, ಬಾನೆಟ್ ಕೆಳಗೆ ಡೀಸೆಲ್ ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಎಂಜಿನ್ ಬಿಚ್ಚೋಕೆ ಮುಂಚೆಯೇ ಆರ್‌ಟಿಓ ಕಚೇರಿಗೆ ಹೋಗಿ ಕೇಳಿ.

ಈಗ ಯಾರಾದರೂ ಎಂಜಿನ್ ಬದಲಿಸ್ತೀನಿ ಅಂತ ಬಂದರೆ ನಾನು ಬಾನೆಟ್ ಎತ್ತೋದಿಲ್ಲ, ಮೊದಲು ಚಕ್ರ ಬಿಚ್ಚಿಸ್ತೀನಿ. ಅವತ್ತು ಮುರಿದ ಗಿಡಗಳಲ್ಲಿ ಎರಡು ಇನ್ನೂ ಚಿಗುರಿಲ್ಲ.